ಒಂದು ಬ್ರೆಡ್, ನಾಲ್ಕು ಮೊಟ್ಟೆ, ಹನ್ನೆರಡು ಮಂದಿ: ಒಂದೇ ತುತ್ತಿನ ಫ್ರೆಂಚ್ ಟೋಸ್ಟ್

ಮಂಗಳೂರು, ಉಡುಪಿ ಕಡೆ ಭಾನುವಾರ ಹತ್ತೂವರೆಗೆ ಹತ್ತು-ಹನ್ನೆರಡು ಮಂದಿಯನ್ನು ಮನೆಗೆ ಕರೆದರೆ ಮೇಜಿನ ಮೇಲೆ ಏನಿರುತ್ತದೆ ಎಂಬುದನ್ನು ಹೆಚ್ಚುಕಡಿಮೆ ಮೊದಲೇ ಹೇಳಬಹುದು. ನೀರ್ದೋಸೆ, ಜೊತೆಗೆ ಕೋಳಿ ಗಸಿಯೋ ಕಡಲೆ ಗಸಿಯೋ, ಬನ್ಸ್, ಗೋಳಿಬಜೆ, ಕೊನೆಗೆ ಕಾಫಿ. ಬ್ರಂಚ್ ಅಂದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಊಟವಲ್ಲ. ಒಬ್ಬರು ಈಗ ಬರುತ್ತಾರೆ, ಇನ್ನೊಬ್ಬರು ಇಗರ್ಜಿಯ ಪೂಜೆ ಮುಗಿಸಿ ಅರ್ಧ ಗಂಟೆ ತಡವಾಗಿ ಬರುತ್ತಾರೆ. ನಿಂತುಕೊಂಡೇ, ಒಂದು ಕೈಯಲ್ಲಿ ಲೋಟ ಹಿಡಿದು, ಮಾತಾಡುತ್ತ ತಿನ್ನುತ್ತಾರೆ. ಇಂಥ ಕಡೆ ಫ್ರೆಂಚ್ ಟೋಸ್ಟ್, ಅಂದರೆ ಮೊಟ್ಟೆ-ಹಾಲಿನಲ್ಲಿ ಅದ್ದಿ ಕಾವಲಿಯಲ್ಲಿ ಬೇಯಿಸಿದ ಬ್ರೆಡ್, ಇಡಬೇಕೆಂದರೆ ತಟ್ಟೆ, ಚಾಕು, ಫೋರ್ಕು ಬೇಡುವ ದೊಡ್ಡ ಸ್ಲೈಸ್ ಕೆಲಸಕ್ಕೆ ಬರುವುದಿಲ್ಲ. ಎರಡು ಬೆರಳಲ್ಲಿ ಎತ್ತಿ ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳುವಂತಿರಬೇಕು. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಕೈಗೆ ಅಂಟಬಾರದು.

ದೊಡ್ಡ ಸ್ಲೈಸಿನ ಪಾಕವಿಧಾನವನ್ನೇ ಇಟ್ಟುಕೊಂಡು ಬ್ರೆಡ್ಡನ್ನು ಮಾತ್ರ ಸಣ್ಣಗೆ ಕತ್ತರಿಸಿದರೆ ಇದು ಆಗುವುದಿಲ್ಲ. ತುಂಡು ಮುದ್ದೆಯಾಗುತ್ತದೆ, ಇಲ್ಲವೇ ಹೊರಗೆ ಕರಿಯಾಗಿ ಒಳಗೆ ಹಸಿ ಉಳಿಯುತ್ತದೆ, ಅದೂ ಅಲ್ಲದಿದ್ದರೆ ಬಡಿಸುವಷ್ಟರಲ್ಲಿ ಒದ್ದೆ ಬಟ್ಟೆಯಂತಾಗುತ್ತದೆ. ಮೂರಕ್ಕೂ ಕಾರಣ ಒಂದೇ, ನೀರು. ಬ್ರೆಡ್ಡಿನೊಳಗೆ ಮೊದಲೇ ಎಷ್ಟು ನೀರಿತ್ತು, ಅದ್ದಿದಾಗ ಎಷ್ಟು ಒಳಗೆ ಹೋಯಿತು, ಬೇಯುವಾಗ ಎಷ್ಟು ಹೊರಗೆ ಬಂತು, ಬೆಂದ ಮೇಲೆ ಎಷ್ಟು ವಾಪಸ್ ಬಂದು ಕೂತಿತು. ಇದನ್ನು ಹಿಡಿತದಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ರುಚಿಯ ವಿಚಾರ, ಅವರವರ ಇಷ್ಟ. ಕರಾವಳಿಯಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಸೇರುತ್ತದೆ, ಗಾಳಿಯಲ್ಲಿರುವ ತೇವ. ಒಣಹವೆಯ ಊರುಗಳವರು ಬರೆದ ಪಾಕವಿಧಾನಗಳು ಇಲ್ಲಿ ಕೈಕೊಡುವುದು ಹೆಚ್ಚಾಗಿ ಅದರಿಂದಲೇ.

ಬ್ರೆಡ್ ಆರಿಸುವುದು, ಕತ್ತರಿಸುವುದು

ಪ್ಯಾಕೆಟ್ಟಿನಲ್ಲಿ ಬರುವ ಸ್ಲೈಸ್ ಬ್ರೆಡ್ ಸಾಮಾನ್ಯವಾಗಿ 1.2 ಸೆಂ.ಮೀ. ಆಸುಪಾಸು ದಪ್ಪ. ಅದನ್ನು ಕತ್ತರಿಸಿದರೆ ಸಿಗುವುದು ಚಪ್ಪಟೆ ಬಿಲ್ಲೆ. ಅದ್ದಿದ ಕೂಡಲೇ ಪೂರ್ತಿ ನೆನೆಯುತ್ತದೆ, ಒಳಗೆ ಮೆತ್ತಗಿರಲು ಜಾಗವೇ ಇಲ್ಲ. ಹಾಗಾಗಿ ಬೇಕರಿಯಲ್ಲಿ ಕತ್ತರಿಸದ ಇಡೀ ಬ್ರೆಡ್ ಕೇಳಿ ತನ್ನಿ. ನಮ್ಮ ಕಡೆಯ ಬೇಕರಿಗಳಲ್ಲಿ ದಿನವೂ ಸುಡುವ ಬ್ರೆಡ್ಡನ್ನು ಗಿರಾಕಿ ಬಂದ ಮೇಲೆ ಮೆಶಿನ್ನಿಗೆ ಕೊಟ್ಟು ಸ್ಲೈಸ್ ಮಾಡುವುದು ರೂಢಿ, ಆದ್ದರಿಂದ ‘ಸ್ಲೈಸ್ ಮಾಡಬೇಡಿ, ಹಾಗೇ ಕೊಡಿ’ ಎಂದರೆ ಸಾಕು. 400 ಗ್ರಾಮಿನ ಮಿಲ್ಕ್ ಬ್ರೆಡ್ ಇದಕ್ಕೆ ಅತ್ಯುತ್ತಮ. ಸ್ವೀಟ್ ಬ್ರೆಡ್ಡಿನಲ್ಲಿ ಸಕ್ಕರೆ ಮೊದಲೇ ಇರುವುದರಿಂದ ಬೇಗ ಕೆಂಪಾಗುತ್ತದೆ. ಅದನ್ನು ಬಳಸುವುದಾದರೆ ಅದ್ದುವ ಹಾಲಿನಲ್ಲಿ ಸಕ್ಕರೆಯನ್ನು ಅರ್ಧಕ್ಕೆ ಇಳಿಸಬೇಕು. ಟೂಟಿ ಫ್ರೂಟಿ ಹಾಕಿದ ಫ್ರೂಟ್ ಬ್ರೆಡ್ ಬೇಡ, ಆ ಚೂರುಗಳು ಕಾವಲಿಗೆ ತಾಗಿದಲ್ಲೇ ಸುಟ್ಟು ಅಂಟುತ್ತವೆ. ಗೋಧಿ ಬ್ರೆಡ್ಡಿನ ಎಳೆ ಒರಟು, ನೆಂದಾಗ ಬೇಗ ಉದುರುತ್ತದೆ. ಸಿಗದಿದ್ದರೆ ಮಾತ್ರ ಅದು. ಪಾವ್ ಆದರೆ ನಡೆಯುತ್ತದೆ. ಒಂದನ್ನು ನಾಲ್ಕು ಮಾಡಿ, ಮೇಲಿನ ಕಂದು ಸಿಪ್ಪೆ ಹಾಗೇ ಇರಲಿ.

ಅಳತೆ 3 ಸೆಂ.ಮೀ.ನ ಘನ. ಇದು ಮನಸ್ಸಿಗೆ ಬಂದ ಅಂಕಿಯಲ್ಲ. 2 ಸೆಂ.ಮೀ.ಗೆ ಇಳಿದರೆ ಆರೂ ಕಡೆಯಿಂದ ಒಳನುಗ್ಗುವ ಹಾಲು ನಡುವಿನಲ್ಲಿ ಕೂಡಿಕೊಳ್ಳುತ್ತದೆ, ತುಂಡು ಎತ್ತಿದರೆ ಜಗ್ಗುತ್ತದೆ. 4 ಸೆಂ.ಮೀ. ಆದರೆ ಒಂದೇ ತುತ್ತಿಗೆ ಹಿಡಿಯುವುದಿಲ್ಲ, ನಡುವಿಗೆ ಬಿಸಿ ತಲುಪುವಷ್ಟರಲ್ಲಿ ಹೊರಗಿನದು ಸುಟ್ಟಿರುತ್ತದೆ. ತೆಳು ಸ್ಲೈಸಿನಲ್ಲಿ ಹೊರಮೈಯಿಂದ ನಡುವಿಗೆ ಇರುವ ದೂರ 6 ಮಿ.ಮೀ. ಮಾತ್ರ. 3 ಸೆಂ.ಮೀ.ನ ಘನದಲ್ಲಿ ಅದು 15 ಮಿ.ಮೀ. ಅಂದರೆ ತುಂಡು ಸಣ್ಣದಾಗಿ ಕಂಡರೂ ಅದರ ಹೊಟ್ಟೆ ಸ್ಲೈಸಿನದ್ದಕ್ಕಿಂತ ಆಳ. ಉರಿ ಯಾಕೆ ಸಣ್ಣದಿರಬೇಕು ಎಂಬುದಕ್ಕೆ ಇಲ್ಲೇ ಉತ್ತರವಿದೆ.

ತಾಜಾ ಬ್ರೆಡ್ಡನ್ನು ನೆಟ್ಟಗೆ ಕತ್ತರಿಸುವುದು ಕಷ್ಟ, ಚಾಕು ಒತ್ತಿದಲ್ಲಿ ಕುಗ್ಗಿ ಅಂಚು ವಕ್ರವಾಗುತ್ತದೆ. ಇಡೀ ಬ್ರೆಡ್ಡನ್ನು 30-40 ನಿಮಿಷ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿಕೊಂಡು, ಗರಗಸದ ಅಂಚಿನ ಬ್ರೆಡ್ ಚಾಕುವಿನಿಂದ ಒತ್ತದೆ ಹಿಂದೆ-ಮುಂದೆ ಎಳೆಯುತ್ತ ಕತ್ತರಿಸಿ. ಮೊದಲು ಸುತ್ತಲಿನ ಸಿಪ್ಪೆ ತೆಗೆಯಿರಿ. ಸಿಪ್ಪೆ ಉಳಿದ ಮುಖ ಹಾಲು ಹೀರುವುದಿಲ್ಲ, ಕಾವಲಿಯಲ್ಲಿ ಮಾತ್ರ ಬೇರೆ ಮುಖಗಳಿಗಿಂತ ಮೊದಲೇ ಕರಿಯಾಗುತ್ತದೆ. ತೆಗೆದ ಸಿಪ್ಪೆಯನ್ನು ಎಸೆಯಬೇಡಿ, ಕೊನೆಯಲ್ಲಿ ಅದಕ್ಕೊಂದು ಕೆಲಸವಿದೆ. 400 ಗ್ರಾಮಿನ ಬ್ರೆಡ್ಡಿನಿಂದ, ಅದರ ಆಕಾರ ನೋಡಿಕೊಂಡು, 45ರಿಂದ 50 ತುಂಡು ಸಿಗುತ್ತವೆ. ಬೇರೆ ತಿಂಡಿಗಳೂ ಇರುವ ಮೇಜಿನಲ್ಲಿ ಒಬ್ಬರಿಗೆ ನಾಲ್ಕು ತುಂಡು ಸಾಕು. ಹನ್ನೆರಡು ಮಂದಿಗೆ ಒಂದು ಬ್ರೆಡ್ ಎಂಬ ಲೆಕ್ಕ ಅಲ್ಲಿಂದ ಬಂದದ್ದು.

ಒಣಗಿಸದೆ ಮುಂದೆ ಹೋಗಬೇಡಿ

ನಿನ್ನೆಯ ಬ್ರೆಡ್ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಅರ್ಧ ಮಾತ್ರ ಸರಿ. ಬ್ರೆಡ್ ಹಳತಾಗುವುದು ಮತ್ತು ಒಣಗುವುದು ಎರಡೂ ಬೇರೆ ಬೇರೆ ಸಂಗತಿ. ಸುಟ್ಟ ಬ್ರೆಡ್ ತಣಿಯುತ್ತ ಹೋದಂತೆ ಅದರ ಪಿಷ್ಟದ ಕಣಗಳು ಮತ್ತೆ ಬಿಗಿಯಾಗಿ ಜೋಡಿಕೊಳ್ಳುತ್ತವೆ, ಅದರಿಂದ ಬ್ರೆಡ್ ಗಟ್ಟಿಯಾಗುತ್ತದೆ. ಇದಕ್ಕೆ ನೀರು ಹೊರಹೋಗಬೇಕೆಂದಿಲ್ಲ. ಫ್ರಿಜ್ಜಿನ ಚಳಿಯಲ್ಲಿ ಈ ಕೆಲಸ ಇನ್ನೂ ವೇಗವಾಗಿ ನಡೆಯುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟ ಬ್ರೆಡ್ ಮಾರನೇ ದಿನ ಗಟ್ಟಿಯಾಗಿದ್ದರೂ ಒಳಗಿನ ನೀರು ಬಹುಪಾಲು ಅಲ್ಲೇ ಇರುವುದು ಹೀಗಾಗಿ. ಗಟ್ಟಿತನ ಇದ್ದರೆ ತುಂಡು ಆಕಾರ ಕಳೆದುಕೊಳ್ಳುವುದಿಲ್ಲ, ಅಷ್ಟು ಲಾಭ ಇದೆ. ಆದರೆ ಮೊಟ್ಟೆ-ಹಾಲು ಒಳಗೆ ಹೋಗಬೇಕಾದರೆ ಜಾಗ ಬೇಕು, ಆ ಜಾಗ ಮಾಡಿಕೊಡುವುದು ಒಣಗಿಸುವಿಕೆ.

ರಾತ್ರಿಯಿಡೀ ತಟ್ಟೆಯಲ್ಲಿ ಹರವಿ ಬಿಡಿ ಎಂಬ ಸಲಹೆ ಇಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ, ಫ್ಯಾನಿನ ಕೆಳಗೆ, ಹೇಗೋ ನಡೆಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಖಂಡಿತ ಬೇಡ. ಮಳೆಗಾಲದಲ್ಲಿ ಗಾಳಿಯ ಆರ್ದ್ರತೆ ಶೇಕಡ 90ರ ಸುತ್ತ ಇರುವಾಗ ಬ್ರೆಡ್ ಸರಿಯಾಗಿ ಒಣಗುವುದೇ ಇಲ್ಲ, ಮತ್ತೊಂದು ದಿನ ಬಿಟ್ಟರೆ ಬೂಷ್ಟು ಬರುತ್ತದೆ. ಬೂಷ್ಟು ಕಂಡ ಭಾಗವನ್ನಷ್ಟೇ ಕಿತ್ತು ಉಳಿದದ್ದನ್ನು ಬಳಸುವ ಅಭ್ಯಾಸವನ್ನೂ ಬಿಡಬೇಕು. ಬ್ರೆಡ್ಡಿನಂಥ ಸಡಿಲ ಪದಾರ್ಥದಲ್ಲಿ ಅದರ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಹೋಗಿರುತ್ತವೆ.

ಆದ್ದರಿಂದ ಬಿಸಿಯಲ್ಲೇ ಒಣಗಿಸಿ. ಓಟಿಜಿ (ಮನೆಬಳಕೆಯ ಸಣ್ಣ ಓವನ್) ಇದ್ದರೆ 110 ಡಿಗ್ರಿಯಲ್ಲಿ 20-25 ನಿಮಿಷ. ತುಂಡುಗಳು ಒಂದಕ್ಕೊಂದು ತಾಗದಂತೆ ಒಂದೇ ಪದರದಲ್ಲಿರಲಿ, ನಡುವೆ ಒಮ್ಮೆ ಮಗುಚಿ. ಏರ್ ಫ್ರೈಯರ್ ಆದರೆ 120 ಡಿಗ್ರಿಯಲ್ಲಿ ಏಳೆಂಟು ನಿಮಿಷ. ಎರಡೂ ಇಲ್ಲದ ಮನೆಯಲ್ಲಿ ದಪ್ಪ ಕಾವಲಿಯನ್ನು ತೀರಾ ಸಣ್ಣ ಉರಿಯಲ್ಲಿಟ್ಟು, ಎಣ್ಣೆ ಹಾಕದೆ, ಹತ್ತು-ಹನ್ನೆರಡು ನಿಮಿಷ ಕೈಯಾಡಿಸುತ್ತ ಇದ್ದರೆ ಆಯಿತು. ಬಣ್ಣ ಬರಬಾರದು. ಹೊರಮೈ ಮುಟ್ಟಿದರೆ ರಸ್ಕಿನ ಹಾಗೆ ಒರಟಾಗಿರಬೇಕು, ಹಿಚುಕಿದರೆ ಒಳಗಿನದು ಇನ್ನೂ ಪುಟಿಯಬೇಕು. ಅಡುಗೆಮನೆಯಲ್ಲಿ ತೂಕದ ಯಂತ್ರ ಇದ್ದವರಿಗೆ ಇನ್ನೂ ಸುಲಭ, ಶೇಕಡ 15ರಷ್ಟು ತೂಕ ಇಳಿದಾಗ ನಿಲ್ಲಿಸಿ. 270 ಗ್ರಾಂ ತುಂಡುಗಳು 230ಕ್ಕೆ ಬಂದರೆ ಸರಿಯಾಗಿದೆ. ಅದಕ್ಕಿಂತ ಮುಂದೆ ಹೋಗಿ ನಡುವಿನವರೆಗೂ ರಸ್ಕ್ ಆಗಿಬಿಟ್ಟರೆ ಅದ್ದುವ ಸ್ವಲ್ಪ ಹೊತ್ತಿನಲ್ಲಿ ಹಾಲು ಅಲ್ಲಿಗೆ ತಲುಪುವುದಿಲ್ಲ, ಕಚ್ಚಿದಾಗ ಒಳಗೊಂದು ಒಣ ಗಂಟು ಸಿಗುತ್ತದೆ.

ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ಹಾಕಿ. ಬಿಸಿಯಿದ್ದಾಗ ಮುಚ್ಚಳ ಹಾಕಿದರೆ ಹೊರಬಂದ ಆವಿ ಒಳಗೇ ನೀರಾಗಿ, ಮಾಡಿದ್ದೆಲ್ಲ ವ್ಯರ್ಥ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಹಿಂದಿನ ರಾತ್ರಿಯಿಂದ ಬೆಳಗ್ಗಿನವರೆಗೆ ಆರಾಮಾಗಿ ಉಳಿಯುತ್ತದೆ.

ಮೊಟ್ಟೆ-ಹಾಲಿನ ಲೆಕ್ಕ

ನಾಲ್ಕು ಮೊಟ್ಟೆ, 200 ಮಿ.ಲೀ. ಹಾಲು, ಎರಡು ದೊಡ್ಡ ಚಮಚ ಸಕ್ಕರೆ (25 ಗ್ರಾಂ), ಕಾಲು ಟೀ ಚಮಚ ಉಪ್ಪು, ಕಾಲು ಟೀ ಚಮಚ ಏಲಕ್ಕಿ ಪುಡಿ. ಮೊಟ್ಟೆಯೊಂದಕ್ಕೆ 50 ಮಿ.ಲೀ. ಹಾಲು ಎಂದು ನೆನಪಿಟ್ಟುಕೊಂಡರೆ ಎಷ್ಟು ಮಂದಿ ಹೆಚ್ಚಾದರೂ ಕಷ್ಟವಿಲ್ಲ. ಸ್ಲೈಸಿಗೆ ಮಾಡುವಾಗ ಸಾಮಾನ್ಯವಾಗಿ ಹಾಲು ಇದಕ್ಕಿಂತ ಹೆಚ್ಚಿರುತ್ತದೆ. ಸಣ್ಣ ತುಂಡು ಆರು ಸಲ ಹೊರಳಬೇಕು, ಬೆರಳಲ್ಲಿ ಎತ್ತಿದಾಗ ನಿಲ್ಲಬೇಕು. ಅದಕ್ಕೆ ಮೊಟ್ಟೆಯ ಬಲ ಸ್ವಲ್ಪ ಜಾಸ್ತಿ ಬೇಕು. ಹಾಲು ಹೆಚ್ಚಾದರೆ ಒಳಗಿನದು ಗಟ್ಟಿಯಾಗದೆ ನೀರುನೀರಾಗಿ ಉಳಿಯುತ್ತದೆ. ಮೊಟ್ಟೆ ಹೆಚ್ಚಾದರೆ ಆಮ್ಲೆಟ್ ಮೆತ್ತಿದ ಬ್ರೆಡ್ ತಿಂದ ಹಾಗಾಗುತ್ತದೆ.

ಹಾಲು ಶೇಕಡ 3ರಷ್ಟು ಕೊಬ್ಬಿರುವ ಟೋನ್ಡ್ ಆದರೂ ನಡೆಯುತ್ತದೆ, 4.5ರಷ್ಟಿರುವ ಸ್ಟ್ಯಾಂಡರ್ಡೈಸ್ಡ್ ಹಾಲಾದರೆ ಒಳಗಿನ ಮೆದು ಇನ್ನೂ ಚೆನ್ನ. ಕರಾವಳಿಯ ಮನೆಯಲ್ಲಿ ಇದಕ್ಕಿಂತ ಒಳ್ಳೆಯದೊಂದು ದಾರಿಯಿದೆ. 200ರಲ್ಲಿ 100 ಮಿ.ಲೀ. ಹಾಲು ತೆಗೆದು ಅಷ್ಟೇ ದಪ್ಪ ಕಾಯಿಹಾಲು, ಅಂದರೆ ಮೊದಲ ಸಲ ಹಿಂಡಿದ್ದು, ಸೇರಿಸಿ. ಕಾಯಿಯ ಕೊಬ್ಬಿನಿಂದ ಒಳಗಿನದು ರೇಶಿಮೆಯಾಗುತ್ತದೆ, ಏಲಕ್ಕಿಯ ಜೊತೆ ಅದರ ಪರಿಮಳ ಚೆನ್ನಾಗಿ ಹೊಂದುತ್ತದೆ. ಕಾಯಿಹಾಲನ್ನು ಬಟ್ಟೆಯಲ್ಲಿ ಸೋಸಲೇಬೇಕು. ಉಳಿದ ಸಣ್ಣ ಚರಟ ತುಂಡಿನ ಮೈಗೆ ಅಂಟಿ ಸುಡುತ್ತದೆ.

ಕಲಸುವ ಕ್ರಮ ತಪ್ಪಿದರೆ ರುಚಿ ಎಲ್ಲ ತುಂಡಿಗೆ ಸಮವಾಗಿ ಸಿಗುವುದಿಲ್ಲ. ಏಲಕ್ಕಿಯೋ ದಾಲ್ಚಿನ್ನಿಯೋ, ಪುಡಿಯನ್ನು ನೇರವಾಗಿ ಹಾಲಿಗೆ ಹಾಕಿದರೆ ಮೇಲೆ ತೇಲುತ್ತದೆ, ಮೊದಲು ಅದ್ದಿದ ನಾಲ್ಕು ತುಂಡುಗಳೇ ಎಲ್ಲವನ್ನೂ ಎತ್ತಿಕೊಂಡು ಹೋಗುತ್ತವೆ. ಮೊದಲು ಪುಡಿಯನ್ನು ಸಕ್ಕರೆ, ಉಪ್ಪಿನ ಜೊತೆ ಬೆರೆಸಿ. ಅದಕ್ಕೆ ಮೊಟ್ಟೆ ಒಡೆದು ಹಾಕಿ ಫೋರ್ಕಿನಿಂದ ಕದಡಿ. ಹಾಲು ಆಮೇಲೆ. ನೊರೆ ಬರುವಂತೆ ಬಡಿಯಬೇಡಿ, ನೊರೆ ಕೂತ ಜಾಗದಲ್ಲಿ ಬೆಂದ ಮೇಲೆ ಬಿಳಿ ಗುಳ್ಳೆ ಉಳಿಯುತ್ತದೆ. ಕೊನೆಗೆ ಚಹಾ ಸೋಸುವ ಜಾಲರಿಯಲ್ಲಿ ಒಮ್ಮೆ ಸೋಸಿ. ಮೊಟ್ಟೆಯ ಬಿಳಿಯಲ್ಲಿರುವ ಗಟ್ಟಿ ದಾರದಂಥದ್ದು ಹೀಗೆ ಬೇರೆಯಾಗುತ್ತದೆ, ಅದು ತುಂಡಿನ ಮೇಲೆ ಕೂತರೆ ಬೆಳ್ಳಗೆ ಎದ್ದು ಕಾಣುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕುವವರು ಅದನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಪೂರ್ತಿ ತಣಿಸಿಯೇ ಸೇರಿಸಬೇಕು. ಬೆಲ್ಲ ಹಾಕಿದ್ದು ಸಕ್ಕರೆಯದ್ದಕ್ಕಿಂತ ಬೇಗ ಕಪ್ಪಾಗುತ್ತದೆ ಎಂಬುದೂ ಗಮನದಲ್ಲಿರಲಿ.

ಇದನ್ನು ಹಿಂದಿನ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿಡಬಹುದು. ಆದರೆ ಬ್ರೆಡ್ಡನ್ನು ಅದರಲ್ಲಿ ಹಾಕಿಡಬೇಡಿ, 3 ಸೆಂ.ಮೀ.ನ ತುಂಡು ರಾತ್ರಿಯಿಡೀ ನೆಂದರೆ ಬೆಳಿಗ್ಗೆ ಕೈಗೆ ಗಂಜಿ ಸಿಗುತ್ತದೆ. ಹಸಿ ಮೊಟ್ಟೆಯ ಮಿಶ್ರಣ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು ಎಂಬುದು ಸಾಮಾನ್ಯ ನಿಯಮ, ಹವೆ 32 ಡಿಗ್ರಿ ದಾಟಿದಾಗ ಅದು ಒಂದೇ ಗಂಟೆಗೆ ಇಳಿಯುತ್ತದೆ. ಏಪ್ರಿಲ್-ಮೇ ಸೆಕೆಯಲ್ಲಿ ಉರಿಯುವ ಒಲೆಯ ಪಕ್ಕದ ಕಟ್ಟೆ ಅದಕ್ಕಿಂತ ಬಿಸಿ ಇರುತ್ತದೆ. ಅರ್ಧ ಮಿಶ್ರಣವನ್ನು ಫ್ರಿಜ್ಜಿನಲ್ಲೇ ಬಿಟ್ಟು, ಬೇಕಾದಾಗ ತೆಗೆಯಿರಿ.

ಅದ್ದುವುದು, ಕಾಯುವುದು, ಬೇಯಿಸುವುದು

ಅಗಲ ತಳದ ಪಾತ್ರೆಯಲ್ಲಿ ಮಿಶ್ರಣ ಹಾಕಿ, ಒಮ್ಮೆಗೆ ಎಂಟೇ ತುಂಡು ಹಾಕಿ. ಎಂಟು ಸೆಕೆಂಡು ಬಿಟ್ಟು ಹೊರಳಿಸಿ, ಇನ್ನೆಂಟು ಸೆಕೆಂಡಿಗೆ ತೆಗೆಯಿರಿ. ಒಟ್ಟು 15-20 ಸೆಕೆಂಡು. ಸರಿಯಾಗಿ ಒಣಗದ ಬ್ರೆಡ್ಡಾಗಿದ್ದರೆ ಹತ್ತು ಸೆಕೆಂಡಿಗೇ ನಿಲ್ಲಿಸಬೇಕು. ತೆಗೆದದ್ದನ್ನು ನೇರ ಕಾವಲಿಗೆ ಹಾಕದೆ ತಂತಿ ಜಾಲರಿಯ ಮೇಲೆ ಎರಡು ನಿಮಿಷ ಇಡಿ. ಇದೊಂದು ಹೆಜ್ಜೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಬಿಡಬಾರದ್ದು ಇದೇ. ಆ ಎರಡು ನಿಮಿಷದಲ್ಲಿ ಹೊರಪದರ ಹಿಡಿದ ಹಾಲು ನಿಧಾನವಾಗಿ ಒಳಗಿಳಿಯುತ್ತದೆ, ಹೆಚ್ಚಾದದ್ದು ಕೆಳಗೆ ತೊಟ್ಟಿಕ್ಕುತ್ತದೆ, ಮೇಲ್ಮೈ ಸ್ವಲ್ಪ ಆರುತ್ತದೆ. ಹಾಗೆ ಮಾಡದಿದ್ದರೆ ತೊಟ್ಟಿಕ್ಕಿದ ಮೊಟ್ಟೆ ಕಾವಲಿಯಲ್ಲಿ ಪ್ರತಿ ತುಂಡಿನ ಬುಡಕ್ಕೂ ಲಂಗದ ಅಂಚಿನಂತೆ ಹರಡಿ ಬೇಯುತ್ತದೆ.

ಮೇಲ್ಮೈ ಆರುವುದಕ್ಕೆ ಯಾಕಿಷ್ಟು ಮಹತ್ವ? ಒದ್ದೆ ಇರುವವರೆಗೆ ಆ ಮುಖದ ಬಿಸಿ 100 ಡಿಗ್ರಿ ದಾಟುವುದೇ ಇಲ್ಲ, ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಮುಗಿಯುತ್ತದೆ. ಹೊಂಬಣ್ಣ, ಆ ಹುರಿದ ಪರಿಮಳ ಬರಬೇಕಾದರೆ 140 ಡಿಗ್ರಿಯ ಆಸುಪಾಸು ತಲುಪಬೇಕು. ಅತ್ತ ಒಳಗಿನ ಹಾಲು-ಮೊಟ್ಟೆ ಗಟ್ಟಿಯಾಗಲು 80 ಡಿಗ್ರಿ ಹತ್ತಿರ ಸಾಕು. ಕಾವಲಿ ಅತಿ ಬಿಸಿಯಾದರೆ ನಡುವೆ 80 ತಲುಪುವ ಮೊದಲೇ ಹೊರಗೆ ಕರಿ, ಬಿಸಿ ಸಾಲದಿದ್ದರೆ ಬಣ್ಣ ಬರುವ ಮೊದಲೇ ಒಳಗೆಲ್ಲ ಒಣಗಿ ಚಕ್ಕೆ. ನೀರಿನ ಹನಿ ಚಿಮುಕಿಸಿ ನೋಡಿ. ಬಿದ್ದಲ್ಲೇ ಚುಯ್ಯೆಂದು ಒಂದೆರಡು ಸೆಕೆಂಡಿನಲ್ಲಿ ಆರಿದರೆ ಸರಿಯಾದ ಹದ. ಹನಿ ಗುಂಡಾಗಿ ಓಡಾಡಿದರೆ ಅದು ದೋಸೆಯ ಹದಕ್ಕಿಂತಲೂ ಬಿಸಿ, ಉರಿ ತಗ್ಗಿಸಿ ಒಂದು ನಿಮಿಷ ಕಾಯಿರಿ.

ದೋಸೆ ಹುಯ್ದು ಪಳಗಿದ ಕಬ್ಬಿಣದ ಕಾವಲಿ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ, ತಣ್ಣನೆಯ ತುಂಡು ಬಿದ್ದರೂ ಬಿಸಿ ಇಳಿಯುವುದಿಲ್ಲ. ಆದರೆ ಸಕ್ಕರೆ ಅಂಟಿ ಸುಟ್ಟರೆ ಮುಂದಿನ ದೋಸೆ ಏಳುವುದಿಲ್ಲ, ಆದ್ದರಿಂದ ಪ್ರತಿ ಸರದಿಯ ನಂತರ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ನಾನ್‌ಸ್ಟಿಕ್ ಇದ್ದರೆ ಆ ಚಿಂತೆಯಿಲ್ಲ. ಜಿಡ್ಡಿಗೆ ತುಪ್ಪ, ಸರದಿಗೆ ಎರಡು ಟೀ ಚಮಚ. ಬೆಣ್ಣೆಯಲ್ಲಿ ನೀರೂ ಹಾಲಿನ ಘನಾಂಶವೂ ಇರುವುದರಿಂದ ಎರಡನೇ ಸರದಿಗೇ ಆ ಘನಾಂಶ ಕರಿದು ಕಪ್ಪು ಚುಕ್ಕೆಗಳಾಗಿ ತುಂಡುಗಳಿಗೆ ಹತ್ತುತ್ತದೆ. ಬೆಣ್ಣೆಯ ರುಚಿ ಬೇಕೆನಿಸಿದರೆ ತುಪ್ಪದಲ್ಲೇ ಬೇಯಿಸಿ, ಒಲೆ ಆರಿಸುವ ಮೊದಲು ಸಣ್ಣ ತುಂಡು ಬೆಣ್ಣೆ ಹಾಕಿ ಹೊರಳಿಸಿ. ಕಾಯಿಹಾಲು ಹಾಕಿದ್ದರೆ ತೆಂಗಿನೆಣ್ಣೆ ಚೆನ್ನಾಗಿ ಹೊಂದುತ್ತದೆ.

28 ಸೆಂ.ಮೀ.ನ ಕಾವಲಿಯಲ್ಲಿ ಮೂವತ್ತು ತುಂಡಿಗೆ ಜಾಗವಿದೆ ಎನಿಸಬಹುದು. ಹದಿನಾರಕ್ಕೆ ನಿಲ್ಲಿಸಿ. ಹೆಚ್ಚಾದರೆ ಆವಿ ಹೊರಹೋಗಲು ದಾರಿ ಸಿಗದೆ ತುಂಡುಗಳು ಹುರಿಯುವ ಬದಲು ಬೇಯುತ್ತವೆ. ಮೇಲಾಗಿ, ಒಂದೊಂದನ್ನೂ ಕೈಯಾರೆ ಹೊರಳಿಸಬೇಕು, ಕೊನೆಯದ್ದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಸುಟ್ಟಿರುತ್ತದೆ. ಹಾಕಿದ ಕ್ರಮದಲ್ಲೇ ಸಾಲಾಗಿ ಹೊರಳಿಸಿ. ಇದಕ್ಕೆ ಸಟ್ಟುಗ ಒಗ್ಗುವುದಿಲ್ಲ, ಸಣ್ಣ ಚಿಮಟ ಬೇಕು. ನಾಲ್ಕು ಪಕ್ಕಗಳಿಗೆ 45-50 ಸೆಕೆಂಡು, ಉಳಿದ ಎರಡು ತುದಿಗಳಿಗೆ 20 ಸೆಕೆಂಡು. ತುದಿಗಳನ್ನು ಬಿಟ್ಟರೂ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ, ಆದರೆ ಹಸಿಮೊಟ್ಟೆಯ ವಾಸನೆ ಬರುವುದು ಆ ಎರಡು ಮುಖಗಳಿಂದಲೇ. ಒಂದು ಸರದಿಗೆ ಸುಮಾರು ನಾಲ್ಕೈದು ನಿಮಿಷ, ನಲವತ್ತೆಂಟಕ್ಕೆ ಮೂರು ಸರದಿ. ಒಂದನ್ನು ನಡುವೆ ಸೀಳಿ ನೋಡಿ. ಒಳಗೆ ಒದ್ದೆಯಾಗಿ ಹೊಳೆಯಬಾರದು, ಹಿಚುಕಿದರೆ ಹಾಲು ಜಿನುಗಬಾರದು. ಥರ್ಮಾಮೀಟರ್ ಇದ್ದವರು ನಡುವೆ ಚುಚ್ಚಿ 71 ಡಿಗ್ರಿ ದಾಟಿದೆಯೇ ನೋಡಿಕೊಳ್ಳಬಹುದು. ಮೊಟ್ಟೆಯ ಅಡುಗೆಗೆ ಅಷ್ಟು ಬಿಸಿ ತಾಗಿರಬೇಕು. ಮಕ್ಕಳು, ಬಸುರಿಯರು, ವಯಸ್ಸಾದವರು ಬರುವ ಮನೆಯಲ್ಲಿ ಇದನ್ನು ಅಲಕ್ಷ್ಯ ಮಾಡುವಂತಿಲ್ಲ.

ಮೂವತ್ತು-ನಲವತ್ತು ಮಂದಿಯ ಕೂಟವಾದರೆ ಒಲೆಯ ಮುಂದೆ ನಿಲ್ಲುವುದು ಬೇಡ. ತುಪ್ಪ ಸವರಿದ ಟ್ರೇಯಲ್ಲಿ ಬಿಡಿಬಿಡಿಯಾಗಿ ಜೋಡಿಸಿ, ಮೊದಲೇ ಬಿಸಿ ಮಾಡಿದ ಓವನ್ನಿನಲ್ಲಿ 190 ಡಿಗ್ರಿಗೆ 18-20 ನಿಮಿಷ, ನಡುವೆ ಒಮ್ಮೆ ಹೊರಳಿಸಿ. ಕಾವಲಿಯ ಗರಿ ಪೂರ್ತಿ ಬರುವುದಿಲ್ಲ, ಆದರೆ ಎಲ್ಲವೂ ಒಂದೇ ಹದದಲ್ಲಿ, ಒಂದೇ ಹೊತ್ತಿಗೆ ಸಿಗುತ್ತದೆ.

ಮೊಟ್ಟೆ ತಿನ್ನದವರಿಗೆ

ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಹನ್ನೆರಡು ಮಂದಿ ಕೂಡಿದಲ್ಲಿ ಮೂರ್ನಾಲ್ಕು ಮಂದಿಯಾದರೂ ಮೊಟ್ಟೆ ಮುಟ್ಟದವರಿರುತ್ತಾರೆ. ಅವರಿಗೆ ಬೇರೇನೋ ಇದೆಯಲ್ಲ ಎಂದು ಬಿಡುವುದಕ್ಕಿಂತ ಅವರಿಗೂ ಇದನ್ನೇ ಮಾಡಿಕೊಡುವುದು ಮರ್ಯಾದೆ. 250 ಮಿ.ಲೀ. ಹಾಲಿಗೆ ಒಂದು ದೊಡ್ಡ ಚಮಚ ಕಸ್ಟರ್ಡ್ ಪೌಡರ್, ಒಂದು ದೊಡ್ಡ ಚಮಚ ಹಾಲಿನ ಪುಡಿ, ಒಂದೂವರೆ ಚಮಚ ಸಕ್ಕರೆ. ಪೌಡರನ್ನು ತಣ್ಣನೆ ಹಾಲಿನಲ್ಲಿ ಕದಡಿದರಷ್ಟೇ ಸಾಲದು, ಅದು ಎರಡೇ ನಿಮಿಷದಲ್ಲಿ ತಳ ಸೇರುತ್ತದೆ. ಸಣ್ಣ ಉರಿಯಲ್ಲಿ ಕೈಬಿಡದೆ ಕಲಕಿ, ಸೌಟಿಗೆ ತೆಳುವಾಗಿ ಅಂಟುವ ಹದಕ್ಕೆ ಬಂದಾಗ ಇಳಿಸಿ ತಣಿಸಿ. ಮೊಟ್ಟೆಯ ಪ್ರೋಟೀನ್ ಇಲ್ಲದೆ ಬಣ್ಣ ಪೇಲವವಾಗುವುದನ್ನು ಹಾಲಿನ ಪುಡಿ ಸರಿದೂಗಿಸುತ್ತದೆ. ಅದ್ದುವುದು ಐದಾರು ಸೆಕೆಂಡು ಮಾತ್ರ, ಇದರಲ್ಲಿ ತುಂಡನ್ನು ಹಿಡಿದಿಡುವ ಮೊಟ್ಟೆಯಿಲ್ಲ. ಕಾವಲಿ, ಚಿಮಟ, ಜಾಲರಿ ಎಲ್ಲ ಬೇರೆ ಇರಬೇಕು, ಇದನ್ನು ಮೊದಲು ಮಾಡಿ ಮುಗಿಸಬೇಕು, ಮೇಜಿನಲ್ಲೂ ಬೇರೆ ತಟ್ಟೆಯಲ್ಲಿಟ್ಟು ಬಾಯಿಬಿಟ್ಟು ಹೇಳಬೇಕು. ಬ್ರೆಡ್ಡಿಗೇ ಮೊಟ್ಟೆ ಹಾಕಿದ್ದಾರೆಯೇ, ಹೊಳಪಿಗೆ ಮೇಲೆ ಸವರಿದ್ದಾರೆಯೇ ಎಂದು ಬೇಕರಿಯಲ್ಲಿ ಕೇಳಿಯೇ ತನ್ನಿ.

ಖಾರದ್ದು ಬೇಕೆನ್ನುವವರು ಸಕ್ಕರೆ, ಏಲಕ್ಕಿ ಬಿಟ್ಟು ಕಾಳುಮೆಣಸಿನ ಪುಡಿ, ಹುಡಿಹುಡಿಯಾಗಿ ಹೆಚ್ಚಿದ ಕರಿಬೇವು, ಅರ್ಧ ಟೀ ಚಮಚ ಉಪ್ಪು ಹಾಕಲಿ. ನೀರುಳ್ಳಿ ಬೇಡ, ಘನದ ಮೈಗೆ ಅದು ನಿಲ್ಲುವುದಿಲ್ಲ.

ಬಡಿಸುವಾಗ ಕೆಡುವುದೇ ಹೆಚ್ಚು

ನಮ್ಮ ಮನೆಗಳಲ್ಲಿ ಬಿಸಿ ತಿಂಡಿ ಎಂದರೆ ಕೈ ತಾನಾಗಿ ಹಾಟ್‌ಬಾಕ್ಸ್ ಕಡೆ ಹೋಗುತ್ತದೆ. ನೀರ್ದೋಸೆಗೆ, ಚಪಾತಿಗೆ ಅದು ಸರಿ. ಈ ತುಂಡುಗಳಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಒಳಗಿನಿಂದ ಹೊರಬರುವ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಬೀಳುತ್ತದೆ, ಐದು ನಿಮಿಷದಲ್ಲಿ ಗರಿಯೆಲ್ಲ ಹೋಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಾವಲಿಯಿಂದ ತೆಗೆದದ್ದನ್ನು ತಂತಿ ಜಾಲರಿಯ ಮೇಲೆ ಹರವಿ, ಜಾಲರಿಯನ್ನು ಹಾಗೇ 95-100 ಡಿಗ್ರಿಯ ಓಟಿಜಿಯಲ್ಲಿಡಿ. ಅರ್ಧ ಗಂಟೆ ಚೆನ್ನಾಗಿ ತಡೆಯುತ್ತದೆ. ಓವನ್ ಇಲ್ಲದಿದ್ದರೆ ಮುಚ್ಚದೆ ಜಾಲರಿಯ ಮೇಲೇ ಬಿಟ್ಟು, ಬಡಿಸುವ ಮೊದಲು ಒಣ ಕಾವಲಿಯಲ್ಲಿ ಒಂದು ನಿಮಿಷ ಹೊರಳಿಸಿದರೆ ಗರಿ ಮರಳಿ ಬರುತ್ತದೆ.

ಎಲ್ಲವನ್ನೂ ಒಮ್ಮೆಲೇ ಮೇಜಿಗೆ ಇಡಬೇಡಿ. ಸಣ್ಣ ತುಂಡು ಬೇಗ ತಣಿಯುತ್ತದೆ. ಹದಿನಾರು ಇಟ್ಟು, ಅದು ಖಾಲಿಯಾಗುತ್ತ ಬಂದಾಗ ಮುಂದಿನ ಹದಿನಾರು. ತಡವಾಗಿ ಬಂದವರಿಗೂ ಬಿಸಿಯದ್ದೇ ಸಿಗುತ್ತದೆ.

ದಾಲ್ಚಿನ್ನಿ ಸಕ್ಕರೆ ಇಷ್ಟಪಡುವವರು 50 ಗ್ರಾಂ ಸಕ್ಕರೆಗೆ ಒಂದು ಟೀ ಚಮಚ ದಾಲ್ಚಿನ್ನಿ ಪುಡಿ ಬೆರೆಸಿ, ಬಿಸಿ ತುಂಡನ್ನು ಅದರಲ್ಲಿ ಹೊರಳಿಸಬಹುದು. ಮೇಜಿಗೆ ಒಯ್ಯುವ ಕ್ಷಣದಲ್ಲೇ ಇದನ್ನು ಮಾಡಬೇಕು. ಇಲ್ಲಿನ ತೇವದ ಗಾಳಿಗೆ ಸಕ್ಕರೆ ಸ್ವಲ್ಪ ಹೊತ್ತಿಗೇ ಕರಗಿ ಅಂಟಂಟಾಗುತ್ತದೆ. ಐಸಿಂಗ್ ಸಕ್ಕರೆ ಅದಕ್ಕಿಂತ ಬೇಗ ಮಾಯವಾಗುತ್ತದೆ.

ಜೊತೆಗೆ ಮೇಪಲ್ ಸಿರಪ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ಓಲೆಬೆಲ್ಲ, ಅಂದರೆ ತಾಳೆಬೆಲ್ಲ, 200 ಗ್ರಾಂ ಪುಡಿ ಮಾಡಿ 100 ಮಿ.ಲೀ. ನೀರಿನಲ್ಲಿ ಕರಗಿಸಿ, ಸೋಸಿ, ಚಿಟಿಕೆ ಉಪ್ಪು, ಕಾಲು ಟೀ ಚಮಚ ಶುಂಠಿ ಪುಡಿ ಹಾಕಿ ನಾಲ್ಕೈದು ನಿಮಿಷ ಕುದಿಸಿ. ತಣ್ಣನೆ ತಟ್ಟೆಗೆ ಒಂದು ಹನಿ ಬಿಟ್ಟರೆ ನಿಧಾನವಾಗಿ ಹರಡಬೇಕು. ಎಳೆ ಬರುವವರೆಗೆ ಕಾದರೆ ತಣಿದಾಗ ಗಟ್ಟಿಯಾಗುತ್ತದೆ, ಹಾಗಾದರೆ ಒಂದೊಂದೇ ಚಮಚ ಬಿಸಿನೀರು ಹಾಕಿ ಸಡಿಲಿಸಿ. ತಾಳೆಬೆಲ್ಲದ ಆ ಹೊಗೆಯ ವಾಸನೆ ತುಪ್ಪದಲ್ಲಿ ಬೆಂದ ಬ್ರೆಡ್ಡಿಗೆ ಮೇಪಲ್ಲಿಗಿಂತ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಘಟ್ಟದ ಮೇಲಿನ ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ಸಿಕ್ಕಿದರೆ ಕಾಯಿಸುವ ಕೆಲಸವೂ ಇಲ್ಲ. ಯಾವುದಾದರೂ ಸರಿ, ಮೇಲೆ ಸುರಿಯದೆ ಸಣ್ಣ ಬಟ್ಟಲಲ್ಲಿ ಪಕ್ಕಕ್ಕಿಡಿ, ಅವರವರೇ ಅದ್ದಿಕೊಳ್ಳಲಿ. ಹಣ್ಣಿಗೆ, ಬಿಲ್ಲೆ ಮಾಡಿದ ನೇಂದ್ರ ಬಾಳೆಯನ್ನು ತುಪ್ಪದಲ್ಲಿ ಎರಡೂ ಬದಿ ಕೆಂಪಗೆ ಹುರಿದರೆ ಸಾಕು. ಕಡ್ಡಿಗೆ ಪೋಣಿಸುವುದಾದರೆ ಕಳಿತ ಹಣ್ಣಿನ ತುಂಡನ್ನು ಟೋಸ್ಟಿಗೆ ತಾಗಿಸಿ ಇಡಬೇಡಿ, ಅನಾನಸಂತೂ ಬೇಡವೇ ಬೇಡ. ರಸ ಇಳಿದು ತಾಗಿದ ಮುಖ ಕೂಡಲೇ ಮೆತ್ತಗಾಗುತ್ತದೆ.

ಇನ್ನು ತೆಗೆದಿಟ್ಟ ಸಿಪ್ಪೆ. ಅದು ನೂರು ಗ್ರಾಮಿನಷ್ಟಾದರೂ ಇರುತ್ತದೆ, ಪಾತ್ರೆಯ ತಳದಲ್ಲಿ ಸ್ವಲ್ಪ ಮಿಶ್ರಣವೂ ಉಳಿದಿರುತ್ತದೆ. ಬ್ರೆಡ್ಡಿನ ಚೂರು ಬಿದ್ದ ಹಸಿಮೊಟ್ಟೆಯ ಮಿಶ್ರಣವನ್ನು ಸಂಜೆಗೆಂದು ಎತ್ತಿಡುವಂತಿಲ್ಲ, ಆಗಲೇ ಮುಗಿಸಬೇಕು. ಸಿಪ್ಪೆಯನ್ನು ಸಣ್ಣಗೆ ಹರಿದು ಅದಕ್ಕೆ ಹಾಕಿ, ಇನ್ನೊಂದು ಮೊಟ್ಟೆ, 100 ಮಿ.ಲೀ. ಹಾಲು ಸೇರಿಸಿ ಹದಿನೈದು ನಿಮಿಷ ಬಿಟ್ಟು ಚೆನ್ನಾಗಿ ಹಿಸುಕಿ. ಗುಳಿಯಪ್ಪದ ಕಾವಲಿಯ ಪ್ರತಿ ಗುಳಿಗೆ ಅರ್ಧ ಟೀ ಚಮಚ ತುಪ್ಪ ಹಾಕಿ, ಈ ಹಿಟ್ಟನ್ನು ಮುಕ್ಕಾಲು ತುಂಬಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ. ಅಂಚು ಬಿಟ್ಟುಕೊಂಡಾಗ ಕಡ್ಡಿಯಿಂದ ಮಗುಚಿ, ಮುಚ್ಚದೆ ಇನ್ನೆರಡು ನಿಮಿಷ. ಹಿಟ್ಟು ಸಡಿಲವಾಗಿ ಮಗುಚುವಾಗ ಒಡೆದರೆ ಉಳಿದದ್ದಕ್ಕೆ ಒಂದು ಚಮಚ ಚಿರೋಟಿ ರವೆ ಬೆರೆಸಿ ಐದು ನಿಮಿಷ ಬಿಡಿ, ಮುಂದಿನ ಸುತ್ತಿಗೆ ಸರಿಯಾಗುತ್ತದೆ.